ರಾಶಿ ಡಾಲರ್ ಇದ್ದರೂ ಬಡ್ಡಿ ಏರಿಸೋದು ಯಾಕೆ?

ಒಂದು ದೇಶದ ಸೆಂಟ್ರಲ್ ಬ್ಯಾಂಕ್ (ನಮ್ಮಲ್ಲಿ ರಿಸರ್ವ್ ಬ್ಯಾಂಕ್) ಹತ್ತಿರ ರಾಶಿ ಡಾಲರ್ ಇರುವಾಗ ಅದನ್ನೇ ಮಾರಿ ಕರೆನ್ಸಿ ಬೀಳದ ಹಾಗೆ ನೋಡಿಕೊಳ್ಳಬಹುದಲ್ಲ, ಬಡ್ಡಿ ಏರಿಸಿ ಸಾಲ ಮಾಡಿದವರಿಗೆ ಯಾಕೆ ಹೊರೆ ಹಾಕಬೇಕು ಅಂತ ಕೇಳಿದ್ದೀರಿ.

ಇವೆರಡೂ ಬೇರೆ ಬೇರೆ ದಾರಿ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಆದರೆ ಡಾಲರ್ ಮಾರಿದಾಗ ಏನಾಗುತ್ತೆ ನೋಡಿ. ಡಾಲರ್ ಕೊಂಡ ಬ್ಯಾಂಕು ಅದಕ್ಕೆ ತನ್ನ ದೇಶದ ಹಣ ಕೊಡಬೇಕು, ಅಲ್ವಾ? ಆ ಹಣ ಸೆಂಟ್ರಲ್ ಬ್ಯಾಂಕಿನ ಒಳಗೆ ಹೋಗಿ ಚಲಾವಣೆಯಿಂದಲೇ ಇಲ್ಲವಾಗುತ್ತದೆ. ಬ್ಯಾಂಕುಗಳಿಗೆ ದುಡ್ಡಿನ ಬಿಗಿ ಶುರುವಾಗುತ್ತದೆ. ಅವು ಒಂದು ರಾತ್ರಿಗೆಂದು ಒಂದಕ್ಕೊಂದು ಕೊಡುವ ಸಾಲದ ಬಡ್ಡಿ ತಾನಾಗಿಯೇ ಏರುತ್ತದೆ. ಅದು ಏರಬಾರದು ಅಂದರೆ ಸೆಂಟ್ರಲ್ ಬ್ಯಾಂಕ್ ಬಾಂಡ್ ಕೊಂಡು ಅಷ್ಟೇ ಹಣವನ್ನು ಮತ್ತೆ ಹೊರಗೆ ಬಿಡಬೇಕು. ಇದಕ್ಕೆ ಸ್ಟೆರಿಲೈಸೇಶನ್ ಅಂತಾರೆ. ಆಗ ಬಡ್ಡಿ ಇದ್ದಲ್ಲೇ ಇರುತ್ತೆ. ಹೆಚ್ಚು ಬಡ್ಡಿ ಸಿಕ್ಕಿದ್ದರೆ ಜನ ದುಡ್ಡನ್ನು ಇಲ್ಲೇ ಇಡಬಹುದಿತ್ತು; ಅದು ಸಿಗದೆ, ಹೊರಗೆ ಸಾಗಿಸಲು ಇದ್ದ ಕಾರಣವೂ ಇದ್ದಲ್ಲೇ ಇರುತ್ತೆ. ಕರಗೋದು ಡಾಲರ್ ಮಾತ್ರ.

1992ರ ಸೆಪ್ಟೆಂಬರ್ 16ರಂದು ಬ್ರಿಟನ್ನಿನಲ್ಲಿ ಆದದ್ದು ನನಗೆ ಇವತ್ತಿಗೂ ಬೇಸರ ತರಿಸುತ್ತದೆ. ಪೌಂಡ್ 2.778 ಜರ್ಮನ್ ಮಾರ್ಕ್‌ಗಿಂತ ಕೆಳಗೆ ಇಳಿಯಬಾರದು ಎಂಬ ಕಟ್ಟುಪಾಡಿತ್ತು. ಅಲ್ಲಿನ ಸೆಂಟ್ರಲ್ ಬ್ಯಾಂಕಾದ ಬ್ಯಾಂಕ್ ಆಫ್ ಇಂಗ್ಲೆಂಡ್ ಬೆಳಗ್ಗೆಯಿಂದ ತನ್ನ ವಿದೇಶಿ ಹಣ ಮಾರಿ ಪೌಂಡ್ ಕೊಳ್ಳುತ್ತಲೇ ಇತ್ತು. ಮಧ್ಯಾಹ್ನದೊಳಗೆ ಬಡ್ಡಿಯನ್ನು ಶೇ. 10ರಿಂದ 12ಕ್ಕೆ ಏರಿಸಿದರು. ಆಮೇಲೆ, ನಾಳೆಯಿಂದ 15 ಅಂತ ಸಾರಿದರು. ಪೌಂಡ್ ಮೇಲೇಳಲಿಲ್ಲ. ಸಂಜೆ ಕಟ್ಟುಪಾಡನ್ನೇ ಬಿಟ್ಟರು. ಆ 15 ಜಾರಿಗೆ ಬರಲೇ ಇಲ್ಲ. ದೇಶದ ಆರ್ಥಿಕತೆ ಆಗಲೇ ಸೊರಗಿತ್ತು, ಮನೆ ಸಾಲಗಳಲ್ಲಿ ಹೆಚ್ಚಿನವು ಬದಲಾಗುವ ಬಡ್ಡಿಯವು. ಅಷ್ಟು ಬಡ್ಡಿಯನ್ನು ಸರ್ಕಾರ ಜಾಸ್ತಿ ದಿನ ತಾಳಲಾರದು ಅಂತ ಮಾರುಕಟ್ಟೆಗೆ ಗೊತ್ತಿತ್ತು.

ಕರೆನ್ಸಿ ಏರದಂತೆ ತಡೆಯೋದು ಬೇರೆ ಮಾತು. ಅಲ್ಲಿ ಮಾರಬೇಕಾದದ್ದು ಸ್ವಂತ ಹಣ, ಅದನ್ನು ಎಷ್ಟು ಬೇಕಾದರೂ ಸೃಷ್ಟಿಸಬಹುದು. ಸ್ವಿಟ್ಜರ್‌ಲೆಂಡ್ 2011ರ ಸೆಪ್ಟೆಂಬರಿನಿಂದ ಯೂರೋಗೆ 1.20 ಫ್ರಾಂಕ್ ಎಂಬ ಗೆರೆಯನ್ನು ಮೂರು ವರ್ಷ ದಾಟಿಯೂ ಕಾಯಿತು. 2015ರ ಜನವರಿ 15ರಂದು ಅವರು ಅದನ್ನು ಕೈಬಿಟ್ಟದ್ದು ಫ್ರಾಂಕ್ ಖಾಲಿಯಾಗಿ ಅಲ್ಲ, ಕೊಂಡ ವಿದೇಶಿ ಹಣದ ಗುಡ್ಡೆ ಬೆಳೆಯುತ್ತಲೇ ಹೋಗುತ್ತದೆ ಅನ್ನಿಸಿದ್ದಕ್ಕೆ.

ಹಾಗಂತ ಡಾಲರ್ ಮಾರೋದು ಸುಮ್ನೆ ದಂಡ ಅಂತ ನಾನು ಹೇಳಲ್ಲ. ನಾಲ್ಕು ದಿನದ ಗಾಬರಿಯಾದರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಂಡವಾಳ ಓಡಾಡಲು ನಿರ್ಬಂಧ ಇರುವ ದೇಶದಲ್ಲಿ ಇನ್ನೂ ಸ್ವಲ್ಪ ಹೆಚ್ಚು ಕಾಲ. ಮುಂದಿನ ಸಲ ಇಂಥ ಸುದ್ದಿ ಓದಿದಾಗ ಎಷ್ಟು ಡಾಲರ್ ಮಾರಿದರು ಅನ್ನೋದರ ಜೊತೆಗೆ, ಆ ವಾರ ಒಂದು ರಾತ್ರಿಯ ಬಡ್ಡಿ ಏರಿತೋ ಇಲ್ಲವೋ ಅಂತಲೂ ನೋಡಿ. ನಾನು ಮೊದಲು ಹುಡುಕೋದು ಅದನ್ನೇ.