50 ಸಾವಿರದೊಳಗೆ ಬಾಳಿಕೆ ಬರುವ ಹೋಮ್ ಥಿಯೇಟರ್ ರಿಸೀವರ್ ಯಾವುದು?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ದಾವಣಗೆರೆ, ಮಂಡಕ್ಕಿ ಭಟ್ಟಿ ಕಡೆ ಮಹಡಿ ಮೇಲಿನ ಮನೆ, 12ಕ್ಕೆ 14 ಅಡಿ ಹಾಲ್, ಭಾವನವರ ರಿಸೀವರ್ (ಟಿವಿ, ಸೆಟ್‌ಟಾಪ್ ಬಾಕ್ಸಿನ ಧ್ವನಿ ತಗೊಂಡು ಸುತ್ತಲಿನ ಸ್ಪೀಕರ್‌ಗಳಿಗೆ ಜೋರು ಮಾಡಿ ಹಂಚುವ ಡಬ್ಬ) ಮೂರೇ ವರ್ಷಕ್ಕೆ ಕೈಕೊಟ್ಟಿತು, ಹಾಗಾಗದ ಕಂಪನಿ ಯಾವುದು ಹೇಳಿ ಅಂತ ಕೇಳಿದ್ದೀರಿ. ಹಳೇ ಸೆಟ್ಟಿನ ಸ್ಪೀಕರ್‌ಗಳನ್ನೇ ಹಾಕಿಕೊಳ್ಳಬಹುದಾ, ಅಮೆರಿಕದಿಂದ ಬರುವ ತಮ್ಮನ ಕೈಲಿ ತರಿಸಿದರೆ ಹೇಗೆ ಅಂತಲೂ ಕೇಳಿದ್ದೀರಿ. ಕೊನೆಯಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ, ಟಿವಿ ಕೆಳಗೆ ಗಾಜಿನ ಬಾಗಿಲಿನ ಶೋಕೇಸ್ ಮಾಡಿಸಿದ್ದೇವೆ, ರಿಸೀವರ್ ಅದರೊಳಗೆ ಕೂರಬೇಕು ಅಂತ. ನನಗೆ ಭಯ ಆಗಿದ್ದು ಆ ಸಾಲು ಓದಿ.

ನಾನು ಆಡಿಯೋ ಎಂಜಿನಿಯರ್ ಅಲ್ಲ, ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ವಿದ್ಯಾನಗರದಲ್ಲಿ ಮನೆ. ನನ್ನ ಮೊದಲ ರಿಸೀವರ್ ಸತ್ತಿದ್ದು ಇಂಥದ್ದೇ ಶೋಕೇಸಿನಲ್ಲಿ. ಬಡಗಿ ಅಳತೆ ತಗೊಂಡು ಬೆರಳು ತೂರಿಸಲೂ ಜಾಗ ಇಲ್ಲದ ಹಾಗೆ ಅಚ್ಚುಕಟ್ಟಾಗಿ ಮಾಡಿಕೊಟ್ಟಿದ್ದ. ಧೂಳು ಬೀಳಬಾರದು ಅಂತ ನಮ್ಮ ಮನೆಯವರು ಅದರ ಮೇಲೆ ಕ್ರೋಶಾ ಬಟ್ಟೆ ಹಾಸಿ, ಬಟ್ಟೆ ಮೇಲೆ ಒಂದು ಗಣಪತಿ ಇಟ್ಟಿದ್ದರು. ನೋಡೋಕೆ ಚೆನ್ನಾಗಿತ್ತು. ಎರಡು ಬೇಸಿಗೆ ತಡೆಯಿತು. ಮೂರನೆಯ ಏಪ್ರಿಲ್‌ನಲ್ಲಿ ಸಿನಿಮಾ ನೋಡುತ್ತಿರುವಾಗ ಚಿತ್ರ ಹೋಗಿ ಬರೀ ಧ್ವನಿ ಉಳಿಯೋದು, ಆಫ್ ಮಾಡಿ ಆನ್ ಮಾಡಿದರೆ ಸರಿಯಾಗೋದು. ಆಮೇಲೆ ಒಂದು ದಿನ ಎಚ್‌ಡಿಎಂಐ, ಅಂದರೆ ಒಂದೇ ತಂತಿಯಲ್ಲಿ ಚಿತ್ರ, ಧ್ವನಿ ಎರಡನ್ನೂ ಸಾಗಿಸುವ ಭಾಗ, ಪೂರ್ತಿ ಸತ್ತುಹೋಯಿತು.

ರಟ್ಟಿನ ಡಬ್ಬದಲ್ಲಿ ಹಾಕಿ, ರಾತ್ರಿ ಬಸ್ಸಿನಲ್ಲಿ ಕಾಲ ಹತ್ತಿರ ಇಟ್ಟುಕೊಂಡು ಬೆಂಗಳೂರಿನ ಸರ್ವಿಸ್ ಸೆಂಟರ್‌ಗೆ ಹೋದೆ. ಬೋರ್ಡ್ ಬದಲಿಸಬೇಕು, ಬೋರ್ಡ್ ಸ್ಟಾಕ್ ಇಲ್ಲ, ಬಂದರೂ ಹೊಸ ರಿಸೀವರಿನ ಅರ್ಧ ದುಡ್ಡು ಆಗುತ್ತೆ ಅಂದರು. ವಾಪಸ್ ತಂದೆ. ನಮ್ಮೂರಲ್ಲಿ ಅಸೆಂಬಲ್ಡ್ ಆಂಪ್ಲಿಫೈಯರ್ ಮಾಡುವ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾರೆ. ಒಂದು ಕಾಲದಲ್ಲಿ 4440 ಐಸಿ ಬೋರ್ಡ್ ಹಾಕಿ ಅರ್ಧ ಊರಿಗೆ ಹಾಡು ಕೇಳಿಸಿದವರು. ಅವರ ಹತ್ತಿರ ಹೋದೆ. ಮುಚ್ಚಳ ಬಿಚ್ಚಿದರು. ಬಿಸಿ ಹೊರಹಾಕುವ ಲೋಹದ ಹೀಟ್ ಸಿಂಕ್ ಮೇಲೆ ಕಪ್ಪು ಧೂಳು ಕಂಬಳಿಯ ಹಾಗೆ ಕೂತಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಎರಡು ಕಂಡೆನ್ಸರ್ ತೋರಿಸಿದರು, ತಲೆ ಪೂರಿ ಥರ ಉಬ್ಬಿತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 85 ಡಿಗ್ರಿ ಅಂತ ಬರೆದಿತ್ತು, ಅದು ಎಷ್ಟು ಬಿಸಿಯ ತನಕ ತಡೆಯುತ್ತೆ ಅನ್ನೋ ಲೆಕ್ಕ.

"ಎಲ್ಲಿ ಇಟ್ಟಿದ್ರಿ ಇದನ್ನ? ಶೋಕೇಸ್‌ನಾಗಾ?" ಅಂದರು. ಹೌದು ಅಂದೆ. "ಒಲಿ ಮ್ಯಾಲೆ ಇಟ್ಟು ಸತ್ತೋತು ಅಂದ್ರೆ ಏನ್ ಮಾಡ್ಬೇಕು ಸಾರ್?"

ಅಲ್ಲೇ ಕೂತು ಕೇಳಿಸಿಕೊಂಡೆ. ಸಾಮಾನ್ಯ ರಿಸೀವರ್ ಜೋರಾಗಿ ಹಾಡದೇ ಇದ್ದಾಗಲೂ, ಸುಮ್ಮನೆ ಆನ್ ಆಗಿ ಕೂತಿದ್ದರೂ ಬಿಸಿಯಾಗುತ್ತೆ. ಒಳಗಿನ ಕಂಡೆನ್ಸರ್‌ಗಳಲ್ಲಿ ಒಂದು ದ್ರವ ಇರುತ್ತೆ, ಶಾಖಕ್ಕೆ ಅದು ನಿಧಾನವಾಗಿ ಒಣಗುತ್ತೆ. ಈ ಕಸುಬಿನವರ ಅಂದಾಜು ಲೆಕ್ಕದಲ್ಲಿ ಬಿಸಿ 10 ಡಿಗ್ರಿ ಏರಿದರೆ ಕಂಡೆನ್ಸರ್ ಆಯುಷ್ಯ ಅರ್ಧಕ್ಕೆ ಇಳಿಯುತ್ತೆ. ನಮ್ಮೂರ ಬೇಸಿಗೆ ನಿಮಗೂ ಗೊತ್ತು. ಮೇಲೆ ಆರ್‌ಸಿಸಿ ತಾರಸಿ, ಸಂಜೆ ಏಳಾದರೂ ಗೋಡೆ ಬಿಸಿ. ಅದರ ಮೇಲೆ ಗಾಜಿನ ಬಾಗಿಲು. ಹಾಗಿರುವಾಗ ಹತ್ತು ವರ್ಷ ಬರಬೇಕಾದ್ದು ಮೂರು ವರ್ಷಕ್ಕೆ ಹೋದರೆ ಕಂಪನಿಯನ್ನು ಪೂರ್ತಿ ಬೈಯೋಕಾಗಲ್ಲ. ನಿಮ್ಮ ಭಾವನವರದ್ದು ಎಲ್ಲಿ ಇಟ್ಟಿದ್ದರು ಅಂತ ಒಮ್ಮೆ ಕೇಳಿ ನೋಡಿ.

ಅದಕ್ಕೇ ಮೊದಲು ಆ ಗಾಜಿನ ಬಾಗಿಲು ತೆಗೆಸಿ. ಹಿಂದಿನ ಪ್ಲೈವುಡ್ಡೂ ಕತ್ತರಿಸಿ. ಯಮಹಾದವರ ಮ್ಯಾನುಯಲ್‌ನಲ್ಲಿ ಮೇಲೆ 30 ಸೆಂಟಿಮೀಟರ್, ಎರಡೂ ಪಕ್ಕ ಮತ್ತು ಹಿಂದೆ 20 ಸೆಂಟಿಮೀಟರ್ ಜಾಗ ಬಿಡಿ ಅಂತ ಹಾಕಿರುತ್ತಾರೆ, ಯಾರೂ ಓದೋದಿಲ್ಲ. ಮೇಲೆ ಒಂದಡಿ ಅಂದರೆ ಶೋಕೇಸಿನಲ್ಲಿ ಸಿಗೋದು ಕಷ್ಟ. ಹಾಗಾದರೆ ಶೋಕೇಸಿನ ತಲೆ ಮೇಲೇ ಇಟ್ಟುಬಿಡಿ, ಟಿವಿ ಗೋಡೆಗೆ ಹೋಗಲಿ. ಭಟ್ಟಿ ಕಡೆ ಮನೆ ಅಂದಿದ್ದೀರಿ. ಹೊಟ್ಟಿನ ಹೊಗೆಯ ಮಸಿ ಒಗೆದ ಬಟ್ಟೆಯನ್ನೇ ಬಿಡೋದಿಲ್ಲ, ರಿಸೀವರಿನ ಜಾಲರಿಯನ್ನು ಬಿಡುತ್ತಾ? ಆರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಮೆತ್ತನೆ ಬ್ರಷ್ ಹಾಕಿ, ವ್ಯಾಕ್ಯೂಮ್ ಇದ್ದರೆ ಮೇಲಿಂದ ಎಳೆದುಕೊಳ್ಳಿ. ಒದ್ದೆ ಬಟ್ಟೆ ಬೇಡ.

ಇನ್ನು ಕರೆಂಟು. ಎಲ್ಲರೂ ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬಾಕ್ಸ್ ತಗೊಂಡು ನೆಮ್ಮದಿಯಾಗಿ ಇರುತ್ತಾರೆ. ಅದು ಕ್ಷಣಮಾತ್ರದ ಹೊಡೆತಕ್ಕೆ ಮಾತ್ರ. ನಮ್ಮ ಬೀದಿಯಲ್ಲಿ ಒಂದು ಸಲ ಗಾಳಿ ಮಳೆಗೆ ಕೊಂಬೆ ಬಿದ್ದು ನ್ಯೂಟ್ರಲ್ ತಂತಿ ತುಂಡಾಯಿತು. ನ್ಯೂಟ್ರಲ್ ಹೋದರೆ ಒಂದು ಮನೆಗೆ 230 ವೋಲ್ಟ್ ಬರೋ ಬದಲು 350, 400ರ ತನಕ ನುಗ್ಗಬಹುದು, ಪಕ್ಕದ ಮನೆಗೆ ದೀಪ ಮಿಣಿಮಿಣಿ ಅನ್ನಬಹುದು. ಮೂರು ಮನೆಯ ಟಿವಿ ಹೋದವು. ಹೀಗೆ ಏರಿದ್ದು ಇಳಿಯದೆ ನಿಂತರೆ ಸರ್ಜ್ ಬಾಕ್ಸ್ ತಡೆಯಲ್ಲ, ಅದೇ ಸುಡುತ್ತೆ. ವೋಲ್ಟೇಜ್ ಮಿತಿ ದಾಟಿದರೆ ಲೈನನ್ನೇ ಕಟ್ ಮಾಡುವ, ಸರಿಹೋದ ಮೇಲೆ ಒಂದೆರಡು ನಿಮಿಷ ಕಾದು ಕೊಡುವ ಕಟ್-ಆಫ್ ಸಿಗುತ್ತೆ. ಅದನ್ನು ಹಾಕಿಸಿ. ಅರ್ಥಿಂಗ್ ಇದೆಯಾ ಅಂತಲೂ ಎಲೆಕ್ಟ್ರಿಷಿಯನ್ ಕೈಲಿ ಮೀಟರ್ ಇಟ್ಟು ನೋಡಿಸಿ. ರಿಸೀವರ್ ಮೈ ಮುಟ್ಟಿದರೆ ಜುಮ್ ಅಂದರೆ ಅರ್ಥಿಂಗ್ ಮೇಲೆ ಅನುಮಾನ ಪಡಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತೆ, ಒಂದು ಬಿಂದಿಗೆ ನೀರು ಸುರಿಯೋದಕ್ಕೆ ಏನೂ ಖರ್ಚಿಲ್ಲ. ಮನೆಯಲ್ಲಿ ಇರೋದು ಹಳೇ ಸ್ಕ್ವೇರ್ ವೇವ್ ಯುಪಿಎಸ್ ಆದರೆ ರಿಸೀವರ್ ಅದಕ್ಕೆ ಕೊಡಬೇಡಿ, ಗುಂಯ್ ಅನ್ನುತ್ತೆ, ಟ್ರಾನ್ಸ್‌ಫಾರ್ಮರ್ ಬಿಸಿಯಾಗುತ್ತೆ.

ಒಂದು ವಿಷಯ ತುಂಬಾ ಜನರಿಗೆ ಹೊಳೆಯೋದಿಲ್ಲ. ಗುಡುಗು ಬಂದಾಗ ಪ್ಲಗ್ ಕೀಳುತ್ತೇವೆ, ಡಿಶ್ ಕೇಬಲ್ ಹಾಗೇ ಬಿಟ್ಟಿರುತ್ತೇವೆ. ಸಿಡಿಲಿನ ಹೊಡೆತ ತಾರಸಿ ಮೇಲಿನ ಡಿಶ್ಶಿನಿಂದ ಸೆಟ್‌ಟಾಪ್ ಬಾಕ್ಸಿಗೆ, ಅಲ್ಲಿಂದ ಎಚ್‌ಡಿಎಂಐ ತಂತಿಯಲ್ಲಿ ರಿಸೀವರಿಗೆ ಬರುತ್ತೆ. ಎಚ್‌ಡಿಎಂಐ ಭಾಗ ತುಂಬಾ ಸೂಕ್ಷ್ಮ, ಮೊದಲು ಹೋಗೋದು ಅದೇ. ಏಪ್ರಿಲ್, ಮೇ ಮಳೆ ಶುರುವಾದಾಗ ಡಿಶ್ ಕೇಬಲ್ಲೂ ತಿರುಗಿಸಿ ಬಿಚ್ಚಿಡಿ.

ಇದರಿಂದಲೇ ನನ್ನ ಇನ್ನೊಂದು ಅಭ್ಯಾಸ ಬಂತು. ಎಲ್ಲ ಡಬ್ಬಗಳನ್ನೂ ರಿಸೀವರಿಗೆ ಚುಚ್ಚೋದಿಲ್ಲ. ಸೆಟ್‌ಟಾಪ್ ಬಾಕ್ಸ್, ಮಕ್ಕಳ ಗೇಮ್, ಎಲ್ಲ ಟಿವಿಗೆ. ಟಿವಿಯಿಂದ ರಿಸೀವರಿಗೆ ಒಂದೇ ಎಚ್‌ಡಿಎಂಐ, ಆರ್ಕ್ ಅಥವಾ ಇ-ಆರ್ಕ್ ಅಂತ ಬರೆದಿರುವ ತೂತಿಗೆ, ಟಿವಿಯ ಧ್ವನಿ ರಿಸೀವರಿಗೆ ಬರೋದು ಅದರಲ್ಲೇ. ತಗೊಳ್ಳುವಾಗ ಹಿಂದೆ ಆಪ್ಟಿಕಲ್ ಇನ್‌ಪುಟ್ (ಬೆಳಕಿನ ತಂತಿಯಲ್ಲಿ ಧ್ವನಿ ಮಾತ್ರ ಬರುವ ತೂತು) ಇದೆಯಾ ನೋಡಿ. ನಾಳೆ ಎಚ್‌ಡಿಎಂಐ ಸತ್ತರೂ ಆಪ್ಟಿಕಲ್‌ನಲ್ಲಿ ಡಾಲ್ಬಿ ಡಿಜಿಟಲ್ 5.1, ಅಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್‌ನ ಧ್ವನಿ ಆರಾಮಾಗಿ ಬರುತ್ತೆ, ತಲೆ ಮೇಲಿಂದಲೂ ಕೇಳಿಸುವ ಅಟ್ಮಾಸ್ ಮಾತ್ರ ಬರಲ್ಲ. ಮೆಕ್ಯಾನಿಕ್ ಆ ಕಂಡೆನ್ಸರ್ ಕಿತ್ತು 105 ಡಿಗ್ರಿಯದ್ದು ಹಾಕಿಕೊಟ್ಟ ನನ್ನ ಹಳೇ ರಿಸೀವರ್ ಈಗ ನನ್ನ ತಮ್ಮನ ಮನೆಯಲ್ಲಿ ಆಪ್ಟಿಕಲ್ ಮೇಲೇ ಹಾಡುತ್ತಿದೆ. ಎಚ್‌ಡಿಎಂಐ ಇವತ್ತಿಗೂ ಸತ್ತೇ ಇದೆ.

ಕಂಪನಿ ಹೆಸರು ಹೇಳದೇ ಇದ್ದರೆ ನೀವು ಬಿಡಲ್ಲ ಅಲ್ವಾ. ನಿಮ್ಮ ಬಜೆಟ್‌ಗೆ ನಾನಾದರೆ ಯಮಹಾ ಇಲ್ಲವೇ ಡೆನಾನ್‌ನ ಕೆಳಗಿನ 5 ಚಾನೆಲ್ (ಐದು ಸ್ಪೀಕರ್‌ಗೆ ಸಾಲುವ) ಮಾಡೆಲ್ ನೋಡುತ್ತೇನೆ. ಮೈಕ್ ಇಟ್ಟು ಧ್ವನಿಯನ್ನು ರೂಮಿಗೆ ಹೊಂದಿಸುವ ಸೌಲಭ್ಯ ಆ ಮಾಡೆಲ್‌ನಲ್ಲಿ ಇದೆಯಾ ಕೇಳಿ, ಅದು ಬೇಕೇ ಬೇಕು. ಆದರೆ ಹೆಸರಿನ ಮೇಲೆ ಜಾಸ್ತಿ ಭಾರ ಹಾಕಬೇಡಿ. ಹೆಸರು ಅದೇ ಇರುತ್ತೆ, ಮಾಲೀಕರು ಬದಲಾಗುತ್ತಿರುತ್ತಾರೆ. ಡೆನಾನ್, ಮರಾಂಟ್ಜ್ ಎರಡೂ 2022ರಲ್ಲಿ ಮಾಸಿಮೊ ಅನ್ನುವ ವೈದ್ಯಕೀಯ ಉಪಕರಣದ ಕಂಪನಿ ಕೈಗೆ ಹೋದವು, 2025ರಲ್ಲಿ ಹರ್ಮನ್ ಕೈಗೆ ಬಂದವು, ಹರ್ಮನ್ ಸ್ಯಾಮ್‌ಸಂಗ್‌ನದ್ದು. ಆಂಕಿಯೋದವರ ಹೋಮ್ ಆಡಿಯೋ ಕಂಪನಿ 2022ರಲ್ಲಿ ಜಪಾನಿನಲ್ಲಿ ದಿವಾಳಿ ಎದ್ದಿತು, ಹೆಸರು ಮಾತ್ರ ಬೇರೆಯವರ ಕೈಯಲ್ಲಿ ಮುಂದುವರಿದಿದೆ. ಅದಕ್ಕೇ ಅಂಗಡಿಯಲ್ಲಿ ಕೇಳಬೇಕಾದ್ದು ಬೇರೆ. ಇದು ಕೆಟ್ಟರೆ ಯಾರು ತಗೊಂಡು ಹೋಗುತ್ತಾರೆ, ಎಲ್ಲಿಗೆ, ಬೋರ್ಡ್ ಎಷ್ಟು ದಿನಕ್ಕೆ ಬರುತ್ತೆ. ದಾವಣಗೆರೆ ಅಂಗಡಿಯವರು "ನಾವೇ ಕಳಿಸ್ತೀವಿ" ಅಂತ ಬಿಲ್ ಮೇಲೆ ಬರೆದುಕೊಟ್ಟರೆ ಆನ್‌ಲೈನ್‌ಗಿಂತ ಎರಡು ಸಾವಿರ ಜಾಸ್ತಿ ಆದರೂ ಕೊಡಿ. ಆ ರಟ್ಟಿನ ಡಬ್ಬ ಹೊತ್ತು ಬಸ್ ಹತ್ತಿದವನ ಮಾತು ಇದು.

ಆ ವರ್ಷವಷ್ಟೇ ಬಂದ ಹೊಸ ಸೌಲಭ್ಯಕ್ಕೆ ಬೀಳಬೇಡಿ. 2020ರಲ್ಲಿ 8ಕೆ ಅಂತ ಬಂದ ಮೊದಲ ರಿಸೀವರ್‌ಗಳಲ್ಲಿ ಎಚ್‌ಡಿಎಂಐ 2.1 ಚಿಪ್‌ನಲ್ಲೇ ದೋಷ ಇತ್ತು. ಹೊಸ ಎಕ್ಸ್‌ಬಾಕ್ಸ್ ಗೇಮ್ ಡಬ್ಬ ಹಾಕಿ 4ಕೆ 120 ಹರ್ಟ್ಸ್ (ಸೆಕೆಂಡಿಗೆ 120 ಚಿತ್ರ) ಕೊಟ್ಟರೆ ಪರದೆ ಕಪ್ಪಾಗುತ್ತಿತ್ತು. ಯಮಹಾ, ಡೆನಾನ್, ಮರಾಂಟ್ಜ್ ಮೂರರಲ್ಲೂ ಅದೇ ಕಥೆ. ಒಂದು ವರ್ಷ ಹಳೆಯ ಮಾಡೆಲ್ ಆದರೆ ಅದರ ಹುಳುಕೆಲ್ಲ ಬೇರೆಯವರ ದುಡ್ಡಲ್ಲಿ ಹೊರಗೆ ಬಂದಿರುತ್ತೆ.

ವ್ಯಾಟ್ಸ್ ನೋಡಿ ಮರುಳಾಗಬೇಡಿ. ಯಮಹಾ ಆರ್‌ಎಕ್ಸ್-ವಿ385 ಅನ್ನೋ ಒಂದೇ ಮಾಡೆಲ್‌ಗೆ 135 ವ್ಯಾಟ್, 100 ವ್ಯಾಟ್, 70 ವ್ಯಾಟ್ ಅಂತ ಮೂರು ಅಂಕಿ ಇವೆ. ಮೂರೂ ಸುಳ್ಳಲ್ಲ, ಅಳೆಯುವ ರೀತಿ ಬೇರೆ. ಒಂದೇ ಚಾನೆಲ್, ಒಂದೇ ಸ್ವರ, 10 ಪರ್ಸೆಂಟ್ ಧ್ವನಿ ಕೆಟ್ಟರೂ ಪರವಾಗಿಲ್ಲ ಅಂದರೆ 135. ಎರಡು ಚಾನೆಲ್, 20 ಹರ್ಟ್ಸ್‌ನಿಂದ 20 ಸಾವಿರ ಹರ್ಟ್ಸ್ ತನಕ, ಧ್ವನಿ ಶುದ್ಧವಾಗಿರಬೇಕು ಅಂದರೆ 70. ಡಬ್ಬದ ಮೇಲೆ ಯಾವುದು ದಪ್ಪಕ್ಷರದಲ್ಲಿರುತ್ತೆ ಅಂತ ಹೇಳಬೇಕಾ? ಎರಡು ಚಾನೆಲ್ ಲೆಕ್ಕ ಮಾತ್ರ ಓದಿ. ವ್ಯಾಟ್ಸ್ ಎರಡು ಪಟ್ಟಾದರೂ ಕಿವಿಗೆ ಸಿಗೋದು 3 ಡೆಸಿಬೆಲ್, ಅಂದರೆ ಸ್ವಲ್ಪ ಜೋರು ಅಷ್ಟೇ. ನಿಮ್ಮ ಹಾಲ್‌ಗೆ 70 ಧಾರಾಳ. ಅಟ್ಮಾಸ್‌ಗೆ ಅಂತ 7 ಚಾನೆಲ್ಲೂ ಬೇಡ, ಬಾಡಿಗೆ ಮನೆ ಆದರೆ ಚಾವಣಿಗೆ ಸ್ಪೀಕರ್ ಹಾಕೋಕೆ ಓನರ್ ಬಿಡೋದೂ ಇಲ್ಲ.

ಹಳೇ ಸೆಟ್ಟಿನ ಸ್ಪೀಕರ್ ಹಾಕಿಕೊಳ್ಳುವ ಮೊದಲು ಹಿಂದಿನ ಸ್ಟಿಕ್ಕರ್ ಓದಿ. ಒಂದೇ ಡಬ್ಬದಲ್ಲಿ ಬರುವ ಸೆಟ್‌ಗಳ ಸ್ಪೀಕರ್ ಎಷ್ಟೋ ಸಲ 3 ಅಥವಾ 4 ಓಮ್ ಇರುತ್ತವೆ, ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆ. ಈ ರಿಸೀವರ್‌ಗಳಿಗೆ 6ರಿಂದ 8 ಓಮ್ ಬೇಕು. ಓಮ್ ಕಡಿಮೆ ಆದಷ್ಟೂ ರಿಸೀವರಿನಿಂದ ಕರೆಂಟ್ ಜಾಸ್ತಿ ಎಳೆಯುತ್ತೆ, ಮತ್ತೆ ಅದೇ ಬಿಸಿ. 3 ಓಮ್ ಅಂತ ಇದ್ದರೆ ಆ ಸ್ಪೀಕರ್ ಯಾರಿಗಾದರೂ ಕೊಟ್ಟುಬಿಡಿ. ಹೊಸದಕ್ಕೆ ದುಡ್ಡು ಸಾಲದಿದ್ದರೆ ಈಗ ಎರಡೇ ತಗೊಳ್ಳಿ, ಉಳಿದದ್ದು ದೀಪಾವಳಿಗೆ.

ಅಮೆರಿಕದಿಂದ ನಿಮ್ಮ ತಮ್ಮನ ಕೈಲಿ ತರಿಸಬೇಡಿ. ಅಲ್ಲಿಯದು 120 ವೋಲ್ಟ್. ಯಾರಾದರೂ ಮರೆತು ನಮ್ಮ ಪ್ಲಗ್ಗಿಗೆ ನೇರವಾಗಿ ಹಾಕಿದರೆ ಅಲ್ಲಿಗೆ ಮುಗೀತು. ವಾರಂಟಿಯೂ ಇಲ್ಲಿ ನಡೆಯಲ್ಲ. ಚಾಕಲೇಟ್ ತರಲಿ, ಸಾಕು.

ವೈರ್ ಹಾಕುವಾಗ ಒಂದು ಎಚ್ಚರ. ಗೆಳೆಯರೊಬ್ಬರು ರಾತ್ರಿ ಹತ್ತಕ್ಕೆ ಫೋನ್ ಮಾಡಿ, ಹೊಸ ಡೆನಾನ್ ಹೋಯ್ತು, ಕೆಂಪು ಲೈಟ್ ಪಟಪಟ ಹೊಡೀತಿದೆ ಅಂದರು. ಹೋಗಿ ಮೊಬೈಲ್ ಟಾರ್ಚ್ ಬಿಟ್ಟು ಹಿಂದೆ ನೋಡಿದೆ. ಸ್ಪೀಕರ್ ವೈರಿನ ಒಂದೇ ಒಂದು ತಾಮ್ರದ ಎಳೆ, ಕೂದಲಷ್ಟು, ಕೆಂಪು ಟರ್ಮಿನಲ್‌ನಿಂದ ತಪ್ಪಿಸಿಕೊಂಡು ಪಕ್ಕದ ಕಪ್ಪಿಗೆ ತಾಗಿತ್ತು. ಉಗುರಲ್ಲಿ ಸರಿಸಿ ಹೊಸೆದು ಒಳಗೆ ಹಾಕಿದೆ, ಆನ್ ಆಯಿತು. ಡೆನಾನ್‌ನಲ್ಲಿ ಆ ಲೈಟ್ ಅರ್ಧ ಸೆಕೆಂಡಿಗೊಮ್ಮೆ ಹೊಡೆದರೆ ಮೊದಲು ವೈರ್ ನೋಡಿ, ಎರಡು ಸೆಕೆಂಡಿಗೊಮ್ಮೆ ನಿಧಾನವಾಗಿ ಹೊಡೆದರೆ ಒಳಗೆ ಬಿಸಿಯಾಗಿದೆ ಅಂತ. ಎರಡನೆಯದು ಶೋಕೇಸ್ ಇರುವ ಮನೆಗಳಲ್ಲಿ ಜಾಸ್ತಿ.

ನಿಮ್ಮ ಶೋಕೇಸಿನ ಅಗಲ, ಎತ್ತರ, ಆಳ ಮತ್ತು ಹಳೇ ಸ್ಪೀಕರಿನ ಸ್ಟಿಕ್ಕರಿನಲ್ಲಿ ಏನು ಬರೆದಿದೆ ಅಂತ ಕೆಳಗೆ ಹಾಕಿ. ಯಾವ ಮಾಡೆಲ್ ಅಂತ ಆಮೇಲೆ ಮಾತಾಡೋಣ.