ಒಂದೇ ದಿನ ಇದ್ದರೆ ನೋವ್ಗೊರೊಡ್‌ಗೆ ಹೋಗಿ

ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗ್ತಿದ್ದೀನಿ, ಒಂದು ದಿನ ಬಿಡುವಿದೆ, ಹತ್ತಿರದ ಹಳೇ ಊರು ಯಾವುದು ನೋಡಲಿ ಅಂತ ಕೇಳಿದ್ದೀರಿ. ಯೋಚನೆ ಮಾಡದೆ ವೆಲಿಕಿ ನೋವ್ಗೊರೊಡ್‌ಗೆ ಹೋಗಿ. ರೈಲಿನಲ್ಲಿ ಸುಮಾರು ಮೂರು ಗಂಟೆ.

ವೋಲ್ಖೊವ್ ಹೊಳೆಯ ದಡದಲ್ಲಿ ಕೆಂಪು ಇಟ್ಟಿಗೆಯ ಕೋಟೆ. ಒಳಗೆ ಸೇಂಟ್ ಸೋಫಿಯಾ ಚರ್ಚು, 1045ರಿಂದ 1050ರ ಹೊತ್ತಿಗೆ ಕಟ್ಟಿದ್ದು. ಸೇತುವೆ ದಾಟಿದರೆ ಹಿಂದಿನ ಕಾಲದ ಪೇಟೆ ಇದ್ದ ಜಾಗ, ಅಲ್ಲೂ ಸಾಲಾಗಿ ಪುಟ್ಟ ಪುಟ್ಟ ಬಿಳಿ ಚರ್ಚುಗಳು. ಎಲ್ಲಾ ನಡೆದೇ ನೋಡಬಹುದು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಲ್ಲಿನ ತೊಗಟೆ ಪತ್ರಗಳು. ಈ ಊರಿನ ಜನ ಬರ್ಚ್ ಮರದ ತೊಗಟೆಯ ಮೇಲೆ ಚೂಪು ಕಡ್ಡಿಯಿಂದ ಗೀಚಿ ಕಾಗದ ಬರೆಯುತ್ತಿದ್ದರು, ನಮ್ಮಲ್ಲಿ ತಾಳೆಗರಿ ಮೇಲೆ ಕೊರೆಯುತ್ತಿದ್ದ ಹಾಗೇ, ಮಸಿ ಮಾತ್ರ ಹಚ್ಚುತ್ತಿರಲಿಲ್ಲ. ಓದಿ ಬಿಸಾಡಿದ್ದು ಕೆಸರಿನಲ್ಲಿ ಹೂತುಹೋಯಿತು. ಒದ್ದೆ ಮಣ್ಣು, ಗಾಳಿ ಆಡುವುದಿಲ್ಲ, ಹಾಗಾಗಿ ಕೊಳೆಯಲಿಲ್ಲ. ಮೊದಲನೆಯದು ಸಿಕ್ಕಿದ್ದು 1951ರ ಜುಲೈ 26ಕ್ಕೆ, ಅಗೆಯುವ ಕೆಲಸಕ್ಕೆ ಬಂದಿದ್ದ ನೀನಾ ಅಕುಲೋವಾ ಎಂಬ ಹೆಂಗಸಿಗೆ. ಈಗ 1,100ಕ್ಕೂ ಜಾಸ್ತಿ ಆಗಿವೆ. ರಾಜರ ಆಜ್ಞೆ ಹುಡುಕಬೇಡಿ, ಇವೆಲ್ಲ ಮನೆ ಮಾತು: ಸಾಲ ವಾಪಸ್ ಕೊಡು, ಇಂಥ ಸಾಮಾನು ಕಳಿಸು. ಮಿಕಿಟಾ ಅನ್ನೋನು ಒಬ್ಬಳಿಗೆ ನನ್ನ ಮದುವೆಯಾಗು, ನನಗೆ ನೀನು ಬೇಕು, ನಿನಗೆ ನಾನು ಬೇಕು ಅಂತ ಬರೆದು, ಸಾಕ್ಷಿಗೆ ಇನ್ನೊಬ್ಬನ ಹೆಸರನ್ನೂ ಹಾಕಿದ್ದಾನೆ!

ಓನ್ಫಿಮ್‌ನನ್ನು ಮಾತ್ರ ಮರೆಯಬೇಡಿ. 13ನೇ ಶತಮಾನದ ಹುಡುಗ, ಆರೇಳು ವರ್ಷ ಇರಬಹುದು. ಒಂದು ತೊಗಟೆಯಲ್ಲಿ ಅಕ್ಷರ ತಿದ್ದುತ್ತಾ ಹೊರಟವನು ಅರ್ಧಕ್ಕೇ ಬಿಟ್ಟು ಕುದುರೆ ಸವಾರನ ಚಿತ್ರ ಬರೆದಿದ್ದಾನೆ. ಸವಾರ ಕೆಳಗೆ ಬಿದ್ದ ಶತ್ರುವಿಗೆ ಈಟಿ ಚುಚ್ಚುತ್ತಿದ್ದಾನೆ, ಪಕ್ಕದಲ್ಲಿ ತನ್ನದೇ ಹೆಸರು. ಅಂದರೆ ಆ ವೀರ ಇವನೇ. ಬೆರಳುಗಳು ಬಾಚಣಿಗೆ ಹಲ್ಲಿನ ಥರ. ಇನ್ನೊಂದು ತೊಗಟೆಯಲ್ಲಿ ಒಂದು ವಿಚಿತ್ರ ಪ್ರಾಣಿ, ಅದಕ್ಕೆ "ನಾನು ಕಾಡುಮೃಗ" ಅಂತ ಬರೆದು, ಗೆಳೆಯ ಡಾನಿಲೋಗೆ ನಮಸ್ಕಾರ ಹೇಳಿದ್ದಾನೆ. ನನ್ನ ಮಗಳ ಒಂದನೇ ಕ್ಲಾಸಿನ ಸ್ಲೇಟು ನೆನಪಾಗಿ ಕಣ್ಣು ತುಂಬಿ ಬಂತು.

ಹಾಂ, ಕೈಯಲ್ಲಿ ರೂಬಲ್ ನಗದು ಇರಲಿ. ನಮ್ಮ ಬ್ಯಾಂಕುಗಳ ವೀಸಾ, ಮಾಸ್ಟರ್‌ಕಾರ್ಡ್ 2022ರಿಂದ ಅಲ್ಲಿ ನಡೆಯುವುದಿಲ್ಲ.