ಒಪ್ಪಿಗೆ ಇರಲಿಲ್ಲ ಅಂತ ಪ್ರೂವ್ ಮಾಡೋದು ಹೇಗೆ? ಆ ಮೆಸೇಜ್ ಅಳಿಸಿಬಿಡಬಹುದಾ?

ಅಳಿಸಬೇಡಿ. ಈ ಉತ್ತರದಲ್ಲಿ ಬೇರೇನನ್ನೂ ಓದದಿದ್ದರೂ ಪರವಾಗಿಲ್ಲ, ಇದೊಂದನ್ನು ಕೇಳಿ. ನಿಮ್ಮ ರೂಮ್‌ಮೇಟ್ ಫೋನಿನಲ್ಲಿರುವುದನ್ನು ಯಾರೂ ಮುಟ್ಟಬೇಡಿ.

ನೀವು ಬರೆದದ್ದು ಇಷ್ಟು: ಜೂನಿಯರ್ ಹುಡುಗಿ, ಹೆಸರು ಮಾಡಿದ ಆಟಗಾರ. ಅವನ ರೂಮಿಗೆ ಅವಳೇ ಹೋಗಿದ್ದಾಳೆ. ಅಲ್ಲಿ ಅವನು ಅತ್ಯಾಚಾರ ಮಾಡಿದ ಅನ್ನುತ್ತಾಳೆ. ಮೈಮೇಲೆ ಗಾಯವಿಲ್ಲ, ಕಂಡವರಿಲ್ಲ. ಬೆಳಿಗ್ಗೆ ಎದ್ದು ಅವನಿಗೆ ಸ್ಮೈಲಿ ಹಾಕಿ ಮೆಸೇಜ್ ಬೇರೆ ಕಳಿಸಿದ್ದಾಳೆ. ನೀವು ಅವಳ ರೂಮ್‌ಮೇಟ್. ಹೆಸರುಗಳನ್ನು ಬದಲಾಯಿಸಿದರೆ ಇದು ನಮ್ಮದೇ ಕಥೆ.

ಆಗ ನಾನು ವಾಲಿಬಾಲ್ ಆಡುತ್ತಿದ್ದೆ. ಟೂರ್ನಮೆಂಟಿಗೆ ಗಂಡಸರ ತಂಡ, ಹೆಂಗಸರ ತಂಡ ಎರಡನ್ನೂ ಒಂದೇ ಹೋಟೆಲಿನಲ್ಲಿ ಇಳಿಸಿದ್ದರು. ನನ್ನ ರೂಮಿನಲ್ಲಿದ್ದವಳು ತಂಡಕ್ಕೆ ಹೊಸಬಳು. ನನ್ನನ್ನು ಅಕ್ಕ ಅನ್ನುತ್ತಿದ್ದಳು, ಅವನನ್ನು ಅಣ್ಣ ಅನ್ನುತ್ತಿದ್ದಳು. ಅವನನ್ನು ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದೆವು. ಸೆಲೆಕ್ಷನ್ ಕಮಿಟಿಯಲ್ಲಿ ಅವನ ಮಾತು ನಡೆಯುತ್ತದೆ ಅನ್ನುವುದು ಕ್ಯಾಂಪಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. 'ನಿನ್ನ ಮ್ಯಾಚಿನ ವಿಡಿಯೋ ತೋರಿಸ್ತೀನಿ, ಸರ್ವ್ ಎಲ್ಲಿ ತಪ್ಪುತ್ತಿದೆ ನೋಡೋಣ ಬಾ' ಅಂತ ಕರೆದಿದ್ದ. ಹೋದಳು. ನಾನಾಗಿದ್ದರೂ ಹೋಗುತ್ತಿದ್ದೆ.

ವಾಪಸ್ ಬಂದವಳು ಲೈಟ್ ಹಾಕಲಿಲ್ಲ. ಶೂ ಕೂಡ ಬಿಚ್ಚದೆ ಮಲಗಿದಳು. ನಾನು ಕೆದಕಿ ಕೇಳಿದ ಮೇಲೆ ಹೇಳಿದಳು: "ಬೇಡ ಅಂದೆ ಅಕ್ಕಾ. ಆಮೇಲೆ ಕೈಕಾಲೇ ಆಡಲಿಲ್ಲ."

ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಫೋನ್ ನೋಡಿದೆ. ಅದಾಗಲೇ ಅವನಿಗೆ ಮೆಸೇಜ್ ಹೋಗಿತ್ತು. 'ಗುಡ್ ಮಾರ್ನಿಂಗ್ ಅಣ್ಣಾ, ಇವತ್ತಿನ ಮ್ಯಾಚಿಗೆ ಆಲ್ ದಿ ಬೆಸ್ಟ್', ಕೊನೆಗೊಂದು ನಗುವ ಮುಖ.

ನನ್ನ ತಪ್ಪು ಶುರುವಾಗಿದ್ದು ಇಲ್ಲಿಂದ. ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆ ಮೆಸೇಜ್ ನೋಡಿ ನನಗೆ ಎದೆ ಧಸಕ್ ಅಂತು. ಇದು ಹೊರಗೆ ಬಂದರೆ ಯಾರು ನಂಬುತ್ತಾರೆ ಅನ್ನಿಸಿತು. ಕೋರ್ಟಿನ ಮೆಟ್ಟಿಲು ಹತ್ತದವಳು ನಾನು, ಆದರೂ ಆ ಕ್ಷಣ ವಕೀಲಳಾಗಿಬಿಟ್ಟೆ. ಸ್ನಾನದಿಂದ ಬಂದವಳಿಗೆ ಫೋನ್ ಕೊಟ್ಟು, ಅವನ ಕಡೆಯಿಂದಲೂ ಹೋಗುವ ಹಾಗೆ ಅಳಿಸು ಅಂದೆ. ಅಳಿಸಿದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. ದೂರು ಬರೆಯುವಾಗ ಒಂದು ವಾಕ್ಯ ಸೇರಿಸಿದೆ: 'ಆ ರಾತ್ರಿಯ ನಂತರ ಅವನ ಜೊತೆ ಯಾವ ಸಂಪರ್ಕವೂ ಇರಲಿಲ್ಲ.' ಅದು ಅವಳ ವಾಕ್ಯವಲ್ಲ, ನನ್ನದು. ಅದನ್ನೇ ಅವಳು ಪೊಲೀಸರ ಮುಂದೆ ಹೇಳಿದಳು, ಮ್ಯಾಜಿಸ್ಟ್ರೇಟರ ಮುಂದೆಯೂ ಹೇಳಿದಳು. ನನ್ನ ಹೇಳಿಕೆಯಲ್ಲೂ ಅದೇ ಬಂತು. ಮಿಕ್ಕಿದ್ದೆಲ್ಲ ನಿಜ. ಇದೊಂದು ಸುಳ್ಳು.

ಅವನು ಮೆಸೇಜ್ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದ. ಅಳಿಸಿದ ಮೇಲೆ 'ಈ ಮೆಸೇಜ್ ಅಳಿಸಲಾಗಿದೆ' ಅಂತ ಉಳಿಯುತ್ತದಲ್ಲ, ಅದರದ್ದೂ ಇನ್ನೊಂದು ಸ್ಕ್ರೀನ್‌ಶಾಟ್ ಇತ್ತು. ಎರಡೂ ಪಾಟೀಸವಾಲಿನ ದಿನದವರೆಗೆ ಹೊರಗೆ ಬರಲಿಲ್ಲ. ಅವನ ವಕೀಲರು ಮೊದಲು ಬಹಳ ಮೆತ್ತಗೆ ಕೇಳಿದರಂತೆ, "ಮಾರನೇ ದಿನ ಮೆಸೇಜ್ ಏನಾದರೂ ಕಳಿಸಿದ್ದಿರಾ ಅಮ್ಮಾ?" ಇಲ್ಲ ಅಂದಳು. "ಯೋಚನೆ ಮಾಡಿ ಹೇಳಿ." ಇಲ್ಲ ಅಂದಳು. ಆಮೇಲೆ ಪ್ರಿಂಟ್ ತೆಗೆದು ಮುಂದಿಟ್ಟರು.

ಇಂಥ ಕೇಸುಗಳ ವಿಚಾರಣೆ ಮುಚ್ಚಿದ ಬಾಗಿಲ ಒಳಗೆ ನಡೆಯುತ್ತದೆ. ಹಾಗಾಗಿ ಆ ಹೊತ್ತಿಗೆ ಅವಳ ಮುಖ ಹೇಗಿತ್ತೋ ನಾನು ನೋಡಲಿಲ್ಲ. ನನ್ನ ಸರದಿ ಬಂದಾಗ ನನಗೆ ಕೇಳಿದ್ದು ಎರಡೇ ಮುಖ್ಯ ಪ್ರಶ್ನೆ. ಅಳಿಸಲು ಹೇಳಿದ್ದು ಯಾರು? ನಾನು ಅಂದೆ. "ಇನ್ನೇನೇನು ಹೇಳಿಕೊಟ್ಟಿದ್ದೀರಿ?" ಇದಕ್ಕೆ ಏನು ಹೇಳಿದರೂ ನಂಬುವವರಿರಲಿಲ್ಲ.

ನಾನು ಏನು ಹಾಳು ಮಾಡಿದೆ ಅಂತ ಆವತ್ತು ಅರ್ಥವಾಯಿತು. ರೂಮಿನ ಒಳಗೆ ನಡೆದದ್ದಕ್ಕೆ ಸಾಕ್ಷಿ ಇರುವುದಿಲ್ಲ. ಆದರೆ ಹೊರಗೆ ಬಂದ ಕೂಡಲೇ ಅವಳು ಹೇಗಿದ್ದಳು, ಯಾರಿಗೆ ಏನು ಹೇಳಿದಳು ಅನ್ನುವುದಕ್ಕೆ ಸಾಕ್ಷಿ ಇರುತ್ತದೆ. ನಮ್ಮ ಕೇಸಿನಲ್ಲಿ ಆ ಸಾಕ್ಷಿ ನಾನು. ಶೂ ಬಿಚ್ಚದೆ ಮಲಗಿದ್ದನ್ನು ನೋಡಿದವಳು ನಾನೊಬ್ಬಳೇ. ಆ ಮಾತಿಗೆ ಬೆಲೆ ಇತ್ತು. ಒಂದು ಬಕೆಟ್ ಹಾಲಿಗೆ ನಾನೇ ಹುಳಿ ಹಿಂಡಿದೆ.

ಸರ್ಕಾರಿ ವಕೀಲರು ಆಮೇಲೆ ಹೊರಗೆ ಸಿಕ್ಕಾಗ ಹೇಳಿದರು, "ಇದನ್ನು ಮೊದಲೇ ಹೇಳಿದ್ದರೆ ನಾನೇ ಕೋರ್ಟಿಗೆ ತೋರಿಸುತ್ತಿದ್ದೆನಲ್ಲಮ್ಮಾ." ಅವಳು ಹೇಳಬೇಕಾಗಿದ್ದದ್ದು ಇಷ್ಟೇ: 'ಹೌದು ಕಳಿಸಿದೆ. ಏನೂ ಆಗಿಲ್ಲ ಅನ್ನುವ ಹಾಗೆ ಇದ್ದರೆ ತಂಡದಲ್ಲಿ ಉಳಿಯಬಹುದು ಅಂದುಕೊಂಡೆ.' ಅದು ನಿಜವೂ ಆಗಿತ್ತು.

ಸಂಶಯದ ಲಾಭದ ಮೇಲೆ ಅವನ ಖುಲಾಸೆ ಆಯಿತು. ಅವಳು ಒಪ್ಪಿದ್ದಳು ಅಂತ ತೀರ್ಪಿನಲ್ಲಿ ಎಲ್ಲೂ ಇಲ್ಲ. ಮುಖ್ಯವಾದ ಒಂದು ಸಂಗತಿಯನ್ನು ಇಬ್ಬರು ಸಾಕ್ಷಿಗಳು ಸೇರಿ ಮುಚ್ಚಿಟ್ಟಿದ್ದಾರೆ, ಉಳಿದದ್ದನ್ನು ನಂಬುವುದು ಕಷ್ಟ ಅಂತಿದೆ. ಅವನು ಮುಂದಿನ ಸೀಸನ್ ಆಡಿದ. ಅವಳು ಆಟ ಬಿಟ್ಟಳು. ನನ್ನ ಜೊತೆ ಮಾತೂ ಬಿಟ್ಟಳು.

ಈಗ ನಿಮ್ಮ ಪ್ರಶ್ನೆ. 'ಒಪ್ಪಿಗೆ ಇರಲಿಲ್ಲ ಅಂತ ಪ್ರೂವ್ ಮಾಡೋದು ಹೇಗೆ' ಅಂತ ಕೇಳಿದ್ದೀರಿ. ಆ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಪ್ರೂವ್ ಮಾಡಲು ಹೊರಟ ಕೂಡಲೇ ಕಥೆಯನ್ನು ನೀಟು ಮಾಡಲು ಶುರು ಮಾಡುತ್ತೀರಿ. ನಾನು ಮಾಡಿದ್ದು ಅದೇ. ಸಾಬೀತು ಮಾಡುವುದು ಪೊಲೀಸರ ಮತ್ತು ಸರ್ಕಾರಿ ವಕೀಲರ ಕೆಲಸ. ಅವಳ ಕೆಲಸ ನಡೆದದ್ದನ್ನು ನಡೆದ ಹಾಗೆ ಹೇಳುವುದು. ತನಗೆ ಅನುಕೂಲವಿಲ್ಲದ್ದನ್ನು ಮೊದಲು ಹೇಳುವುದು.

ನಿಮಗೆ ಭಯ ಹುಟ್ಟಿಸುತ್ತಿರುವ ಮೂರು ವಿಷಯಗಳನ್ನು ಕಾನೂನು ಆಗಲೇ ನೋಡಿದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಅತ್ಯಾಚಾರದ ಬಗ್ಗೆ ಇರುವ 63ನೇ ಸೆಕ್ಷನ್ (2024ರ ಜುಲೈಗೆ ಮುಂಚೆ ಐಪಿಸಿ 375) ಪ್ರಕಾರ ಒಪ್ಪಿಗೆ ಅಂದರೆ ಆ ನಿರ್ದಿಷ್ಟ ಕ್ರಿಯೆಗೆ, ಮಾತಿನಿಂದಲೋ ಸನ್ನೆಯಿಂದಲೋ, ಸ್ವಂತ ಇಷ್ಟದಿಂದ ಸ್ಪಷ್ಟವಾಗಿ ಕೊಟ್ಟ ಒಪ್ಪಿಗೆ. ರೂಮಿಗೆ ಹೋಗಿದ್ದು ರೂಮಿಗೆ ಹೋಗಲು ಮಾತ್ರ ಒಪ್ಪಿಗೆ. ಒದ್ದಾಡಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿದ್ದಳು ಅನ್ನಬಾರದು ಅಂತಲೂ ಅಲ್ಲೇ ಬರೆದಿದೆ. ಬೆಳಿಗ್ಗೆ ಕಳಿಸಿದ ಸ್ಮೈಲಿ ಹಿಂದಿನ ರಾತ್ರಿಗೆ ಹೋಗಿ ಒಪ್ಪಿಗೆ ಕೊಟ್ಟು ಬರಲು ಆಗುವುದಿಲ್ಲ. ಅದು ಒಂದು ಸಂಗತಿ ಮಾತ್ರ, ಅದಕ್ಕೆ ವಿವರಣೆ ಬೇಕು ಅಷ್ಟೇ.

ಸಾಕ್ಷಿ ಅವಳೊಬ್ಬಳೇ ಆದರೂ ಸಾಕು. 1996ರಲ್ಲೇ ಗುರ್ಮೀತ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಆದರೆ 2012ರ ರಾಯ್ ಸಂದೀಪ್ ಕೇಸಿನಲ್ಲಿ ಅದೇ ಕೋರ್ಟ್, ಅಂಥ ಸಾಕ್ಷಿಯ ಮಾತು ಮೊದಲ ಹೇಳಿಕೆಯಿಂದ ಕೋರ್ಟಿನ ಕಟಕಟೆಯವರೆಗೆ ಒಂದೇ ಥರ ಇರಬೇಕು ಅಂದಿದೆ. ಎರಡನ್ನೂ ಒಟ್ಟಿಗೆ ಓದಿ. ಆ ಮೆಸೇಜಿಗಿಂತ ಅದನ್ನು ಅಳಿಸಿದ್ದು ಯಾಕೆ ಜಾಸ್ತಿ ಅಪಾಯ ಅಂತ ತಿಳಿಯುತ್ತದೆ.

ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ಡ್ಯಾನಿ ಆಲ್ವೆಸ್ ಮೇಲಿನ ಅತ್ಯಾಚಾರದ ಕೇಸು ನೋಡಿ. 2022ರ ಡಿಸೆಂಬರ್ ಕೊನೆಯಲ್ಲಿ ಬಾರ್ಸಿಲೋನಾದ ನೈಟ್‌ಕ್ಲಬ್ಬಿನ ಟಾಯ್ಲೆಟ್ಟಿನಲ್ಲಿ ನಡೆದದ್ದು ಅನ್ನಲಾದ ಘಟನೆ. 2024ರ ಫೆಬ್ರವರಿಯಲ್ಲಿ ನಾಲ್ಕೂವರೆ ವರ್ಷ ಶಿಕ್ಷೆಯಾಯಿತು. 2025ರ ಮಾರ್ಚಿನಲ್ಲಿ ಮೇಲಿನ ಕೋರ್ಟ್ ಅದನ್ನು ರದ್ದು ಮಾಡಿತು. ಒಂದು ದೊಡ್ಡ ಕಾರಣ: ಟಾಯ್ಲೆಟ್ಟಿಗೆ ಹೋಗುವ ಮುಂಚಿನ ಭಾಗ ಕ್ಯಾಮೆರಾದಲ್ಲಿತ್ತು, ಆಕೆ ಹೇಳಿದ್ದಕ್ಕೂ ಅದಕ್ಕೂ ತಾಳೆಯಾಗಲಿಲ್ಲ. ಕ್ಯಾಮೆರಾ ಇರುವ ಕಡೆ ತಾಳೆಯಾಗದಿದ್ದರೆ ಇಲ್ಲದ ಕಡೆಯದನ್ನು ಹೇಗೆ ನಂಬುವುದು ಅನ್ನುವುದು ಕೋರ್ಟಿನ ತರ್ಕ. ಹಾಗಂತ ಆರೋಪಿ ಹೇಳಿದ್ದೇ ಸತ್ಯ ಅಂತಲೂ ನಾವು ಹೇಳುತ್ತಿಲ್ಲ ಅಂದಿತು. ಆಲ್ವೆಸ್ ಕೂಡ ಹೇಳಿಕೆಯನ್ನು ಒಂದಕ್ಕಿಂತ ಹೆಚ್ಚು ಸಲ ಬದಲಾಯಿಸಿದ್ದವರೇ. ಆದರೆ ಆರೋಪಿ ಸುಳ್ಳು ಹೇಳಿದ ಅಂದ ಮಾತ್ರಕ್ಕೆ ಆರೋಪ ಸಾಬೀತಾಗುವುದಿಲ್ಲ. ದೂರುದಾರಳು ಸುಳ್ಳು ಹೇಳಿದರೆ ಕೇಸೇ ಮುಗಿದುಹೋಗಬಹುದು. ಅನ್ಯಾಯ ಅನ್ನಿಸುತ್ತದೆ, ಆದರೆ ಒಬ್ಬನನ್ನು ಜೈಲಿಗೆ ಹಾಕುವ ಮುಂಚೆ ಸಂಶಯ ಉಳಿಯಬಾರದು ಅನ್ನುವ ನಿಯಮ ಬೇಡ ಅಂತ ನಾನಂತೂ ಹೇಳಲಾರೆ. ನಿಮ್ಮ ಹುಡುಗಿ ಹೇಳುವ ಆಟಗಾರನಿಗೂ ಅದು ಸಲ್ಲಬೇಕು.

ಅವಳೇ ರೂಮಿಗೆ ಹೋದಳು ಅನ್ನುವವರಿಗೆ ಬಾಕ್ಸರ್ ಮೈಕ್ ಟೈಸನ್ ಕೇಸನ್ನು ನೆನಪಿಸಿ. 1991ರ ಜುಲೈ, ಇಂಡಿಯಾನಾಪೊಲಿಸ್. 18 ವರ್ಷದ ಯುವತಿ ರಾತ್ರಿ ಹೊತ್ತು ತಾನಾಗಿಯೇ ಅವರ ಹೋಟೆಲ್ ರೂಮಿಗೆ ಹೋಗಿದ್ದರು. ಟೈಸನ್ ಒಪ್ಪಿಗೆ ಇತ್ತು ಅಂದರು. 1992ರ ಫೆಬ್ರವರಿಯಲ್ಲಿ ಜ್ಯೂರಿ ಅಪರಾಧಿ ಅಂತ ತೀರ್ಮಾನಿಸಿತು, ಆರು ವರ್ಷ ಶಿಕ್ಷೆಯಾಯಿತು. ಅಲ್ಲಿ ತೂಕ ಬಂದದ್ದು ಯುವತಿಯನ್ನು ವಾಪಸ್ ಕರೆದುಕೊಂಡು ಹೋದ ಕಾರಿನ ಚಾಲಕಿಯಂಥವರ ಸಾಕ್ಷಿಗೆ. ಯುವತಿ ಆಘಾತದಲ್ಲಿದ್ದ ಹಾಗೆ ಕಂಡಳು ಅಂತ ಆಕೆ ಹೇಳಿದರು. ನಿಮ್ಮ ಕಥೆಯಲ್ಲಿ ಆ ಚಾಲಕಿ ನೀವು.

ಕೆಲವು ಸಲ ಆರೋಪಿಯೇ ಸಾಕ್ಷಿ ಒದಗಿಸುತ್ತಾನೆ. ಬ್ರೆಜಿಲ್‌ನ ಫುಟ್‌ಬಾಲ್ ಆಟಗಾರ ರೋಬಿನ್ಯೋಗೆ 2013ರ ಮಿಲಾನ್ ಘಟನೆಗೆ ಇಟಲಿಯ ಕೋರ್ಟ್ ಒಂಬತ್ತು ವರ್ಷ ಶಿಕ್ಷೆ ಕೊಟ್ಟಿತು. ಆಕೆ ಪೂರ್ತಿ ಕುಡಿದಿದ್ದಳು ಅಂತ ಅವರೇ ಗೆಳೆಯರ ಜೊತೆ ಆಡಿದ ಮಾತುಗಳನ್ನು ಪೊಲೀಸರು ರೆಕಾರ್ಡ್ ಮಾಡಿದ್ದರು. ಹಾಗಾಗಿ ಅವನು ಆಮೇಲೆ ಏನು ಬರೆದ, ಯಾವ ಗ್ರೂಪಿನಲ್ಲಿ ಜಂಬ ಕೊಚ್ಚಿಕೊಂಡ, ಅದೂ ಮುಖ್ಯ. ನೀವು ಚಾಟ್ ಅಳಿಸಿದರೆ ಅವಳ ಫೋನಿನಲ್ಲಿರುವ ಅವನ ಮೆಸೇಜ್‌ಗಳೂ ಹೋಗುತ್ತವೆ.

ಇನ್ನು, 'ಮುಂದೆ ಹುಡುಗರೆಲ್ಲ ಒಪ್ಪಿಗೆಯ ವಿಡಿಯೋ ಮಾಡಿಟ್ಟುಕೊಳ್ಳಲಿ' ಅಂತ ನಿಮ್ಮ ಕೋಚ್ ಹೇಳಿದರು ಅಂತ ಬರೆದಿದ್ದೀರಿ. ಶುದ್ಧ ತಲೆಹರಟೆ. ಕೆನಡಾದಲ್ಲಿ 2018ರ ಜೂನಿಯರ್ ಹಾಕಿ ತಂಡದ ಐವರ ಮೇಲಿನ ಕೇಸಿನಲ್ಲಿ ಅಂಥ ಎರಡು ಪುಟ್ಟ ವಿಡಿಯೋ ಇದ್ದವು. ಎಲ್ಲಾ ಒಪ್ಪಿಗೆಯಿಂದಲೇ ನಡೆದದ್ದು ಅಂತ ಯುವತಿ ಅದರಲ್ಲಿ ಹೇಳುತ್ತಾರೆ. ಅದಾದ ಮೇಲೂ ಕೇಸು ನಡೆಯಿತು, ವಾರಗಟ್ಟಲೆ ವಿಚಾರಣೆ ನಡೆಯಿತು. 2025ರ ಜುಲೈನಲ್ಲಿ ಐವರೂ ಖುಲಾಸೆಯಾದರು. ಯುವತಿಯ ಸಾಕ್ಷ್ಯ ನಂಬುವಂತಿಲ್ಲ ಅನ್ನುವುದು ನ್ಯಾಯಾಧೀಶೆಯ ತೀರ್ಮಾನವಾಗಿತ್ತು. ಒಪ್ಪಿಗೆ ಕೊಟ್ಟವರು ನಡುವೆ ಬೇಡ ಅನ್ನಬಹುದು. ಭಯಪಟ್ಟವರು ಕ್ಯಾಮೆರಾ ಮುಂದೆ ಹೌದು ಅನ್ನಬಹುದು. ವಿಡಿಯೋ ಮಾಡಿಟ್ಟುಕೊಳ್ಳಬೇಕು ಅನ್ನಿಸುವಷ್ಟು ಅನುಮಾನ ಇದ್ದರೆ ಎದ್ದು ಹೋಗಲಿ.

ದೂರು ಕೊಡುವುದು ಪೊಲೀಸರಿಗಾ, ಲೈಂಗಿಕ ಕಿರುಕುಳದ ದೂರು ನೋಡುವ ಕಮಿಟಿಗಾ ಅಂತ ಕೇಳಿದ್ದೀರಿ. ನಿರ್ಧಾರ ಅವಳದ್ದು, ನಿಮ್ಮದಲ್ಲ. ಆದರೆ ಅವಳಿಗಿನ್ನೂ 18 ತುಂಬಿರದಿದ್ದರೆ ಒಪ್ಪಿಗೆಯ ಪ್ರಶ್ನೆಯೇ ಬರುವುದಿಲ್ಲ, ಅದು ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ), ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ತುಂಬಿದ್ದರೆ ಎರಡು ದಾರಿಯೂ ಒಟ್ಟಿಗೆ ಇವೆ. ಕೆಲಸದ ಸ್ಥಳದ ಕಿರುಕುಳ ತಡೆಯುವ 2013ರ ಕಾಯ್ದೆ ಕ್ರೀಡಾಂಗಣ, ತರಬೇತಿ ಸಂಸ್ಥೆ, ಪಂದ್ಯದ ಜಾಗ ಎಲ್ಲವನ್ನೂ ಒಳಗೊಂಡಿದೆ, ದೂರಿಗೆ ಮೂರು ತಿಂಗಳ ಗಡುವಿದೆ. ಎಫ್‌ಐಆರ್ ಯಾವ ಠಾಣೆಯಲ್ಲಾದರೂ ಕೊಡಬಹುದು. ಅವನು ಬರೀ ಆಟಗಾರನೋ, ಅವಳ ಮೇಲೆ ಅಧಿಕಾರ ಇರುವವನೋ ಅನ್ನುವುದನ್ನು ಮೊದಲ ದೂರಿನಲ್ಲೇ ಹೇಳಲಿ. ಅಧಿಕಾರ, ಹಿಡಿತ ಇರುವವನ ವಿಷಯದಲ್ಲಿ ಸಂಭೋಗ ಸಾಬೀತಾಗಿ, ನನ್ನ ಒಪ್ಪಿಗೆ ಇರಲಿಲ್ಲ ಅಂತ ಅವಳು ಕೋರ್ಟಿನಲ್ಲಿ ಹೇಳಿದರೆ, ಕೋರ್ಟ್ ಅದನ್ನೇ ನಂಬಿ ಮುಂದುವರಿಯಬೇಕು. ಒಪ್ಪಿಗೆ ಇತ್ತು ಅಂತ ತೋರಿಸುವ ಹೊರೆ ಅವನ ಮೇಲೆ ಬೀಳುತ್ತದೆ.

ಆಸ್ಪತ್ರೆಗೆ ಇವತ್ತೇ ಹೋಗಲಿ. ಸರ್ಕಾರಿ ಆಗಲಿ ಖಾಸಗಿ ಆಗಲಿ, ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ಸ್ನಾನ ಆಗಿದ್ದರೂ ಹೋಗಲಿ, ಸುಮಾರು 96 ಗಂಟೆಯವರೆಗೆ ಸ್ಯಾಂಪಲ್ ತೆಗೆಯುತ್ತಾರೆ. ಬಟ್ಟೆ ಒಗೆಯದೆ ಪೇಪರ್ ಕವರಿನಲ್ಲಿಡಿ, ಪ್ಲಾಸ್ಟಿಕ್ ಬೇಡ. ಅವಳು ತನ್ನ ನೆನಪನ್ನು ತಾನೇ ಬರೆದುಕೊಳ್ಳಲಿ. ನೀವು ನೋಡಿದ್ದನ್ನು ನೀವು ಬೇರೆ ಬರೆದಿಡಿ. ಎರಡನ್ನೂ ಪಕ್ಕಪಕ್ಕ ಇಟ್ಟು ಸರಿಮಾಡಲು ಹೋಗಬೇಡಿ.

ಟೂರ್ನಮೆಂಟ್ ಮುಗಿಯಲಿ ಅಂದ ಮ್ಯಾನೇಜರ್ ಮಾತು ಕೇಳಬೇಡಿ. ಹೋಟೆಲ್‌ಗಳ ಸಿಸಿಟಿವಿ ರೆಕಾರ್ಡಿಂಗ್ ಸಾಮಾನ್ಯವಾಗಿ ಕೆಲವೇ ದಿನಕ್ಕೆ ತಾನಾಗಿ ಅಳಿಸಿಹೋಗುತ್ತದೆ. ಕಾರಿಡಾರ್, ಲಿಫ್ಟ್, ಲಾಬಿಯ ಆ ರಾತ್ರಿಯ ರೆಕಾರ್ಡಿಂಗ್ ತೆಗೆದಿಡಿ ಅಂತ ಹೋಟೆಲಿಗೆ ಈಗಲೇ ಒಂದು ಇಮೇಲ್ ಹಾಕಿ. ದೂರು ಕೊಡುವಾಗ ಅದರ ಕಾಪಿ ಲಗತ್ತಿಸಿ.